ಹಗುರದವರ ಹಲಗೆ

ನನಗೆ ಈಜು ಬರುವುದಿಲ್ಲ. ನಮ್ಮ ಮನೆಯಲ್ಲಿ ನೀರಿನ ವಿಷಯಕ್ಕೆ ಅತಿ ಹೆಚ್ಚು ಸಲಹೆ ಕೊಡುವವನೂ ನಾನೇ.

ಗುಂಡ್ಲುಪೇಟೆಯಲ್ಲಿ ಅರಿಸಿನದ ಮಂಡಿ ಇಟ್ಟುಕೊಂಡವನಿಗೆ ಪ್ಯಾಡಲ್ ಬೋರ್ಡಿನ ಉಸಾಬರಿ ಯಾಕೆ ಬಂತು ಅಂದರೆ, ಮಗಳಿಂದ ಬಂತು. ಹೋದ ಬೇಸಿಗೆ ರಜೆಯಲ್ಲಿ ನಮ್ಮ ತಾಲ್ಲೂಕಿನ ಮದ್ದೂರಿನ ಕಾಡು ದಾಟಿ ಕೇರಳದ ಕಡೆ ಹೋಗಿದ್ದೆವು. ಅಲ್ಲೊಂದು ಕೆರೆಯಲ್ಲಿ ಈ ಬೋರ್ಡನ್ನು ಬಾಡಿಗೆಗೆ ಕೊಡುತ್ತಿದ್ದರು. ಗಾಳಿ ತುಂಬಿದ ಉದ್ದನೆಯ ಹಲಗೆ. ಅದರ ಮೇಲೆ ನೆಟ್ಟಗೆ ನಿಂತು, ಕೈಯಲ್ಲಿ ಒಂದು ಹುಟ್ಟು ಹಿಡಿದು ನೀರು ತಳ್ಳುತ್ತಾ ಹೋಗಬೇಕು. ಮಗಳಿಗೆ ಹದಿಮೂರು. ವಯಸ್ಸಿಗೆ ಮೀರಿದ ಮಾತು, ವಯಸ್ಸಿಗೆ ಸಾಲದ ಮೈ. ಹತ್ತಿ ನಿಂತಳು. ಅವಳು ಮಾಡಿದ್ದು ಅಷ್ಟೇ, ಮಿಕ್ಕಿದ್ದನ್ನೆಲ್ಲ ಗಾಳಿ ನೋಡಿಕೊಂಡಿತು. ಬಲಕ್ಕೆ ಹುಟ್ಟು ಹಾಕಿದರೂ, ಎಡಕ್ಕೆ ಹಾಕಿದರೂ ಹಲಗೆ ತನ್ನ ಪಾಡಿಗೆ ತಾನು ಆಚೆ ದಡಕ್ಕೆ ಹೊರಟಿತು. ಕೊನೆಗೆ ದೋಣಿ ಕಳಿಸಿ, ಹಗ್ಗ ಕಟ್ಟಿ ಎಳೆಸಿಕೊಂಡು ಬರಬೇಕಾಯಿತು. ದಡದಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಹುರಿದುಂಬಿಸಲಿಕ್ಕೆ ಇರಬೇಕು ಅಂದುಕೊಂಡು ನಾನೂ ತಟ್ಟಿದೆ. ಅದೇ ತಪ್ಪಾಯಿತು. ಊರು ಬರುವ ತನಕ ಅವಳು ಕಾರಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ದೋಸೆ ತಿನ್ನುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದಳು: "ನಂಗೊಂದು ಬೋರ್ಡ್ ಬೇಕು. ಇನ್ನೊಂದೇ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನೀರಿನ ತಂಟೆಗೇ ಹೋಗಲ್ಲ."

ನೀರಿನ ತಂಟೆಗೇ ಹೋಗದ ಮಗಳು! ನನ್ನಂಥವನಿಗೆ ಅದಕ್ಕಿಂತ ಹಿತವಾದ ಸುದ್ದಿ ಬೇರೆ ಇರಬಾರದಿತ್ತು. ಆದರೆ ಅವಳು ತಟ್ಟೆಯ ಅಂಚಿಗೆ ಚಟ್ನಿ ತಳ್ಳುತ್ತಾ ಕೂತಿದ್ದ ರೀತಿ ನೋಡಿ ನನಗೆ ಹಿತವಾಗಲಿಲ್ಲ. ಸರಿ, ಕೊಡಿಸೋಣ ಅಂದೆ. ಹೆಂಡತಿ, "ನಾನೂ ನಿಂತು ನೋಡ್ತೀನಿ ರೀ," ಅಂದಳು. ಅವಳೂ ಹಗುರ. ಮನೆಯಲ್ಲಿ ಭಾರವಿರುವುದು ನಾನೊಬ್ಬನೇ, ಮೈಯಲ್ಲೂ ಮನಸ್ಸಲ್ಲೂ.

ಅಂದಿನಿಂದ ಮಂಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲೆಲ್ಲ ಫೋನಿನಲ್ಲಿ ಬೋರ್ಡು ಓದಲು ಶುರು ಮಾಡಿದೆ. ಎಂಥ ಲೋಕ ಅದು! ಲೀಟರ್ ಅಂದರೆ ಹಾಲು, ಡೀಸೆಲ್ ಎಂದು ತಿಳಿದಿದ್ದೆ. ಹಲಗೆಯನ್ನೂ ಲೀಟರಿನಲ್ಲಿ ಅಳೆಯುತ್ತಾರಂತೆ. ಹುಟ್ಟನ್ನು ಆಳಿನ ಎತ್ತರ ನೋಡಿ ಉದ್ದ ಮಾಡಬೇಕಂತೆ. ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗೊಂದು ಇರುತ್ತದಂತೆ, ಅದಿಲ್ಲದಿದ್ದರೆ ನೆಟ್ಟಗೇ ಹೋಗುವುದಿಲ್ಲವಂತೆ. ಎಲ್ಲ ಕಡೆ ಮೊದಲ ಪ್ರಶ್ನೆ ಮಾತ್ರ ಒಂದೇ: ನಿಲ್ಲುವವರ ತೂಕ ಎಷ್ಟು?

ತೂಕದ ಪ್ರಶ್ನೆಗೆ ಮಂಡಿಯವನು ಹೆದರುತ್ತಾನೆಯೇ? ಒಂದು ಸಂಜೆ ಇಬ್ಬರನ್ನೂ ಕರೆಸಿ, ಅರಿಸಿನದ ಚೀಲ ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದೆ. ಮಗಳು ಮೂವತ್ಮೂರು ಕೆಜಿ, ಹೆಂಡತಿ ನಲವತ್ತಾರು. ಚೀಲ ಹೊರುವ ನಮ್ಮ ಹಿರಿಯ ಹಮಾಲಿ ಮಗಳ ಲೆಕ್ಕ ನೋಡಿ, "ಸಾವ್ಕಾರ್ರೆ, ಅರ್ಧ ಚೀಲನೂ ಆಗ್ನಿಲ್ವಲ್ಲ ಕೂಸು! ಮನೇಲಿ ಮುದ್ದೆ ಮಾಡಾದ್ ಬುಟ್ಬುಟ್ರಾ?" ಅಂದ.

"ಇವ್ರನ್ನೂ ಹತ್ಸಿ ನೋಡಿ," ಅಂತ ಹೆಂಡತಿ ನನ್ನ ಕಡೆ ಕೈ ಮಾಡಿದಳು.

"ಬ್ಯಾಡಿ ಕಣಮ್ಮ, ತಕ್ಕಡಿ ರಿಪೇರಿಯೋನು ಊರಲ್ಲಿಲ್ಲ."

ಇಲ್ಲಿಯ ತನಕ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ನನ್ನ ಕಸುಬು ಕೈಹಾಕಿತು. ಮಂಡಿಯಲ್ಲಿ ನಾವು ತೂಕವನ್ನು ಬಂದಂತೆ ಬರೆಯುವುದಿಲ್ಲ; ಚೀಲಕ್ಕಿಷ್ಟು, ತೇವಕ್ಕಿಷ್ಟು, ಮಣ್ಣಿಗಿಷ್ಟು ಅಂತ ಕಳೆಯುತ್ತೇವೆ. ಮಗಳ ವಿಷಯದಲ್ಲಿ ಅದೇ ಕೈ ಉಲ್ಟಾ ಓಡಿತು. ಲೈಫ್ ಜಾಕೆಟಿಗಿಷ್ಟು, ಒದ್ದೆ ಬಟ್ಟೆಗಿಷ್ಟು, ನೀರಿನ ಬಾಟಲಿಗಿಷ್ಟು. ಬೆಳೆಯುವ ಹುಡುಗಿ, ಅದಕ್ಕೊಂದಿಷ್ಟು. ನಮ್ಮ ಮನೆಯಲ್ಲಿ ಯೂನಿಫಾರ್ಮನ್ನೇ ಎರಡು ವರ್ಷಕ್ಕಾಗುವ ಹಾಗೆ ಹೊಲಿಸಿ, ಅಂಚನ್ನು ನಾಲ್ಕು ಬೆರಳು ಒಳಕ್ಕೆ ಮಡಿಚಿಡುತ್ತೇವೆ, ಹಲಗೆಗೆ ಬೇಡವೇ? ಕೊನೆಗೆ ನನ್ನ ಭಯಕ್ಕೂ ಒಂದಿಷ್ಟು ಸೇರಿತು ಅಂತ ಕಾಣುತ್ತದೆ, ಮೂವತ್ಮೂರು ಅರವತ್ತೈದಾಯಿತು. ಅರವತ್ತೈದಕ್ಕೆ ತಕ್ಕುದನ್ನು ಹುಡುಕಿ, ಇನ್ನೂ ಒಂದು ಸೈಜು ಮೇಲಿರಲಿ ಎಂದು ಹನ್ನೊಂದು ಅಡಿ ಉದ್ದ, ಮೂವತ್ನಾಲ್ಕು ಇಂಚು ಅಗಲ, ಆರು ಇಂಚು ದಪ್ಪದ ಹಲಗೆಯನ್ನು ಆರಿಸಿದೆ. ದೊಡ್ಡದಾದಷ್ಟೂ ಭದ್ರ, ಇಷ್ಟು ಗೊತ್ತಾಗದೇ?

ಹೆಂಡತಿ ಫೋಟೋ ನೋಡಿ, "ಇದ್ರ ಮೇಲೆ ಮದ್ವೆ ಪಂಕ್ತಿ ಹಾಕ್ಬಹುದು," ಅಂದಳು. ಆರ್ಡರ್ ಮಾಡುವುದಕ್ಕೆ ಮುಂಚೆ ತಮ್ಮನಿಗೊಂದು ಫೋನ್ ಮಾಡಿದಳು. ಅವಳ ತಮ್ಮ ಹರದನಹಳ್ಳಿಯವನು. ನೌಕಾಪಡೆಯಿಂದ ನಿವೃತ್ತರಾಗಿ ಚಾಮರಾಜನಗರದಲ್ಲಿ ನೆಲೆಸಿರುವ ಒಬ್ಬರು ಅವನಿಗೆ ಗೊತ್ತು. ಅವರ ಬಳಿ ಇಂಥವೇ ಎರಡು ಹಲಗೆ ಇದ್ದವು, ಒಂದು ಅವರದು, ಒಂದು ಮದುವೆಯಾಗಿ ಹೋದ ಅವರ ಮಗಳದು. "ಕೊಳ್ಳೋಕೆ ಮುಂಚೆ ಎರಡ್ರ ಮೇಲೂ ನಿಲ್ಲಿಸಿ ನೋಡಿ," ಅಂದರು ಆ ಹಿರಿಯರು. ಪಂಚಾಯ್ತಿಯವರನ್ನು ಕೇಳಿಕೊಂಡು, ಒಂದು ಭಾನುವಾರ ತಮ್ಮನ ಊರ ಹತ್ತಿರದ ಕೆರೆಗೆ ಹೋದೆವು.

ಮಗಳು ಬೇಸಿಗೆ ಶಿಬಿರದಲ್ಲಿ ಈಜು ಕಲಿತವಳು. ಲೈಫ್ ಜಾಕೆಟ್ ಹಾಕಿಕೊಂಡಳು. ನಾನೂ ಹಾಕಿಕೊಂಡೆ.

"ಭಾವ, ನೀವು ದಡದಲ್ ತಾನೆ ಇರಾದು?" ಅಂದ ಭಾಮೈದ.

"ಇರ್ಲಿ ಬಿಡೋ, ಕಾಲು ಜಾರಿದ್ರೆ?"

"ಜಾರುದ್ರೆ ಕೆಸ್ರಿಗ್ ಬೀಳ್ತೀರಿ. ಕೆಸ್ರಲ್ಲಿ ತೇಲಾಕ್ ಜಾಕೀಟ್ ಬೇಕಾ?"

ನಾನು ಒತ್ತಾಯಿಸಿದ್ದರಿಂದ ಮೊದಲು ದೊಡ್ಡ ಹಲಗೆಯನ್ನೇ ಇಳಿಸಿದರು. ನಾನು ಆರಿಸಿದ್ದರ ತಮ್ಮನಂತಿತ್ತು. ಮಗಳು ನಿಂತಳು. ಬೀಳಲಿಲ್ಲ. ನೋಡಿದಿರಾ, ಎಂದು ನಾನು ಎಲ್ಲರ ಮುಖ ನೋಡುವಷ್ಟರಲ್ಲಿ ಸಣ್ಣಗೆ ಗಾಳಿ ಎದ್ದಿತು. ಹಲಗೆ ಮೆಲ್ಲಗೆ ಅಡ್ಡ ತಿರುಗಿ ಹೊರಟಿತು, ಕೇರಳದಲ್ಲಿ ಹೊರಟ ಹಾಗೆಯೇ. ಅವಳು ಎರಡು ಸಲ ಹುಟ್ಟು ಹಾಕಿದಳು. ಮೂರನೆಯ ಸಲ ಕೈ ಎತ್ತಲೇ ಇಲ್ಲ. ಮಂಡಿಯೂರಿ ಕೂತುಬಿಟ್ಟಳು. ಹಿರಿಯರು ಅವಳ ಕಾಲಿನಿಂದ ದಡದವರೆಗೆ ಉದ್ದನೆಯ ಹಗ್ಗ ಬಿಟ್ಟಿದ್ದರು, ಎಳೆದುಕೊಂಡರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಸಾಕು, ಮನೆಗೆ ಹೋಗೋಣ," ಅಂದಳು ಮಗಳು.

ಹಿರಿಯರು ನನ್ನ ಕಡೆ ತಿರುಗಿದರು. "ಹಲಗೆ ಎಷ್ಟು ಮುಳುಗಿತ್ತು, ನೋಡಿದ್ರಾ?"

"ಮುಳುಗಲೇ ಇಲ್ಲವಲ್ಲ."

"ಅದೇ ತೊಂದ್ರೆ. ನಿಮ್ಮಂಥೋರು ನಿಂತ್ರೆ ಅದು ನೀರೊಳಗೆ ಕೂರುತ್ತೆ, ನೀರು ಹಿಡ್ಕೊಳ್ಳುತ್ತೆ. ಇವಳು ನಿಂತ್ರೆ ನೀರಿನ ಮೇಲೆ ಎಲೆ ಬಿದ್ದ ಹಾಗೆ. ಎಲೆ ಯಾರ ಮಾತು ಕೇಳುತ್ತೆ? ಗಾಳೀದು. ಅಗಲ ಬೇರೆ ಜಾಸ್ತಿ, ಹುಟ್ಟು ನೀರಿಗೆ ತಾಗ್ಬೇಕಾದ್ರೆ ಇವಳು ಪಕ್ಕಕ್ಕೆ ಬಾಗ್ಬೇಕು. ಅವಳ ಕೈಯಲ್ಲೇನೂ ತಪ್ಪಿಲ್ಲ."

ನಾನು ತಲೆಯಾಡಿಸಿದೆ. ಮಗಳು ತಲೆ ಎತ್ತಿದಳು. "ನನ್ ತಪ್ಪಲ್ವಾ?" ಅಂದಳು.

"ಅಲ್ಲಮ್ಮ. ಹಲಗೆ ನಿಂದಲ್ಲ."

ಎರಡನೆಯದು ಒಂಬತ್ತೂವರೆ ಅಡಿ, ಇಪ್ಪತ್ತೆಂಟು ಇಂಚು ಅಗಲ, ನಾಲ್ಕು ಇಂಚಿಗಿಂತ ತುಸು ಹೆಚ್ಚು ದಪ್ಪ. ಅವಳೇ ಕಂಕುಳಲ್ಲಿ ಇಟ್ಟುಕೊಂಡು ನೀರಿಗೆ ಹೋದಳು. ನಿಂತಾಗ ಗಡಗಡ ಅಲುಗಾಡಿತು. ಒಮ್ಮೆ ಬಿದ್ದಳು. ನಾನು ಮೊಣಕಾಲಿನ ತನಕ ಓಡಿದೆ. ಅಷ್ಟರಲ್ಲಿ ಅವಳೇ ಹತ್ತಿ ಕೂತು, ಮೂಗಿನ ನೀರು ಒರೆಸಿಕೊಂಡು, ಎದ್ದಳು. ಈ ಸಲ ಹಲಗೆಯ ಅಂಚು ನೀರಿನಲ್ಲಿ ಇಳಿದಿರುವುದು ನನಗೂ ಕಂಡಿತು. ಗಾಳಿ ಬಂತು. ಹಲಗೆ ಅಡ್ಡ ತಿರುಗಲು ನೋಡಿತು. ಅವಳು ಹಿಂದಿನಿಂದ ದೊಡ್ಡದಾಗಿ ಒಂದು ಹುಟ್ಟು ಹಾಕಿದಳು, ಹಲಗೆ ಕಿವಿ ಹಿಂಡಿಸಿಕೊಂಡಂತೆ ವಾಪಸ್ ತಿರುಗಿತು.

"ಅಪ್ಪಾಜಿ! ತಿರುಗ್ತು!"

"ಯಾನಮ್ಮಿ, ಬಸ್ಸು ತಿರುಗ್ಸ್ದಂಗ್ ತಿರುಗ್ಸ್‌ಬುಟ್ಯಲ್ಲ!" ಅಂತ ಅವಳ ಮಾವ ಕೂಗಿದ.

ಅವಳಾದ ಮೇಲೆ ಹೆಂಡತಿ ನಿಂತು, ಇದೇನು ಮಹಾ ಎಂಬ ಮುಖ ಮಾಡಿಕೊಂಡು ಹತ್ತು ಮಾರು ಹೋಗಿ ಬಂದಳು. ಆಮೇಲೆ ನನಗೊಂದು ಯೋಚನೆ ಬಂತು. ನಾನೂ ನಿಲ್ಲಬೇಕಲ್ಲ? ಏನಾದರೂ ಆದರೆ ಹೋಗಿ ಕರೆತರುವವರು ಯಾರು? ಮೊಣಕಾಲುದ್ದ ನೀರಿನಲ್ಲಿ, ಭಾಮೈದನ ಹೆಗಲು ಹಿಡಿದು ಹತ್ತಿದೆ. ಹಲಗೆ ನಡು ಬಾಗಿ ನೀರೊಳಕ್ಕೆ ಹೋಯಿತು, ನಾನು ಅದರ ಹಿಂದೆಯೇ ಹೋದೆ.

ಕೆಸರು ಒರೆಸಿಕೊಳ್ಳುವಾಗ ಹಿರಿಯರು ಕೇಳಿದರು: "ಈಗ ಯಾವ್ದು ತರಿಸ್ತೀರಿ?"

ಪ್ರಶ್ನೆ ಸುಲಭದ್ದು. ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಮಗಳಿಗೆ ಹೊಂದುವ ಹಲಗೆಯನ್ನಲ್ಲ, ಅವಳ ಜೊತೆಗೆ ನನ್ನನ್ನೂ ಹೊರುವಂಥದ್ದನ್ನು. ಅವಳನ್ನು ಸರಿಯಾಗಿ ಹೊರುವ ಹಲಗೆಯಲ್ಲಿ ನನಗೆ ಜಾಗವಿಲ್ಲ.

"ಚಿಕ್ಕದೇ," ಅಂದೆ. "ನಿಮ್ಮ ಮಗಳದ್ದಿದೆಯಲ್ಲ, ಅದೇ ಅಳತೆ. ಉದ್ದದ ಹಗ್ಗಾನೂ."

ಮಗಳು ಆಗಲೇ ಎರಡನೆಯ ಸಲ ಹೊರಟಿದ್ದಳು. ನಾನು ಏರಿಯ ಮೇಲೆ ಅವಳ ಸಮಕ್ಕೆ ನಡೆಯತೊಡಗಿದೆ; ಅವಳು ನಿಧಾನ ಮಾಡಿದರೆ ನಿಧಾನ, ಬೇಗ ಹೋದರೆ ಬೇಗ. ಅವಳು ಹುಟ್ಟು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಅಪ್ಪಾಜಿ, ಕೂತ್ಕೊಳ್ಳಿ."

ಒಂದು ಕಲ್ಲು ನೋಡಿ ಕೂತೆ. ಅವಳು ಬಗ್ಗಿ ಒಂದು ಹುಟ್ಟು ಹಾಕಿ, ಬೆನ್ನು ನನ್ನ ಕಡೆ ಮಾಡಿ, ಗಾಳಿಗೆ ಎದುರಾಗಿ ಹೊರಟಳು.