ಎದ್ದು ಓಡಿಹೋದ ಜಿಂಕೆಗಳು

ಹೋದ ಭಾನುವಾರ ಕಾಂದಿವಲಿಗೆ ಹೋಗುವಾಗ ಹೆದ್ದಾರಿಯ ಬದಿಯಲ್ಲಿ ಒಂದು ಹಳದಿ ಫಲಕ ಕಂಡಿತು. ಅದರ ಮೇಲೆ ಕಪ್ಪು ಬಣ್ಣದ ಜಿಂಕೆಯೊಂದು ಮುಂಗಾಲೆತ್ತಿ ನೆಗೆಯುತ್ತಿದೆ. ಕಾಡುಪ್ರಾಣಿಗಳು ದಾಟುತ್ತವೆ, ನಿಧಾನವಾಗಿ ಹೋಗಿ ಎಂದು ಅದರ ಅರ್ಥ. ನಮ್ಮ ಟ್ಯಾಕ್ಸಿ ನಿಧಾನವಾಗಿಯೇ ಹೋಗುತ್ತಿತ್ತು. ಮುಂದೆ ಕಣ್ಣು ಹಾಯುವಷ್ಟು ದೂರಕ್ಕೂ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಆ ಹೊತ್ತಿಗೆ ಜಿಂಕೆ ಬಂದಿದ್ದರೆ ಅದೂ ಸರದಿಯಲ್ಲಿ ನಿಲ್ಲಬೇಕಿತ್ತು. ಬೇರೆ ಕೆಲಸವಿಲ್ಲದ ನಾನು ಫಲಕವನ್ನೇ ನೋಡುತ್ತಾ, "ಬಲದಿಂದ ಎಡಕ್ಕೆ ಹಾರುತ್ತಾ ಉಂಟು ನೋಡು, ಅಪಶಕುನ" ಎಂದು ಹೆಂಡತಿಗೆ ಹೇಳಿದೆ. ಮದುವೆಯಾದಂದಿನಿಂದ ಈ ತಮಾಷೆಗೆ ಸುಮತಿ ತಪ್ಪದೆ ನಗುತ್ತಾ ಬಂದವಳು. ಅಂದು ನಗಲಿಲ್ಲ.

ನಿಮಗೆ ಈ ತಮಾಷೆ ಅರ್ಥವಾಗಬೇಕಾದರೆ ನೀವೂ ನಾನೂ ಸ್ವಲ್ಪ ಹಿಂದಕ್ಕೆ, ಗ್ರಾಂಟ್ ರೋಡಿಗೆ ಹೋಗಬೇಕು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿ ನನ್ನ ಚಿಕ್ಕಪ್ಪನದೊಂದು ಸಣ್ಣ ಹೋಟೆಲಿತ್ತು. ನಾನು ಹಗಲು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತ, ರಾತ್ರಿ ಹೋಟೆಲಿನ ಅಟ್ಟದ ಮೇಲೆ ಅಕ್ಕಿ ಮೂಟೆಗಳ ನೆರೆಯವ. ಹೋಟೆಲಿನ ಎದುರು ಟ್ಯಾಕ್ಸಿಗಳು ನಿಲ್ಲುತ್ತಿದ್ದುದರಿಂದ ಮೂಲೆಯ ಮೇಜು ಡ್ರೈವರುಗಳ ಸ್ವತ್ತಾಗಿತ್ತು. ಅವರಿಗೆ ಒಂದು ಚಹಾಕ್ಕೆ ಒಂದು ಕತೆ ಲೆಕ್ಕ. ಕತೆಗಳಲ್ಲಿ ಬಹುಪಾಲು ಜಿಂಕೆಯವು.

ಮುಂಬಯಿಯಲ್ಲಿ ಜಿಂಕೆ ಎಲ್ಲಿಂದ ಬಂತು ಎನ್ನಬೇಡಿ. ಬೋರಿವಲಿಯ ಕಾಡು ಆಗ ಈಗಿನಷ್ಟು ಮೈ ಮುದುಡಿಕೊಂಡಿರಲಿಲ್ಲ. ಮುಸ್ಸಂಜೆಗೆ ಆ ಕಡೆ ಬಾಡಿಗೆ ಹೋದವನ ಗಾಡಿಗೆ ಒಂದಲ್ಲ ಒಂದು ದಿನ ಏನೋ ಒಂದು ಅಡ್ಡ ಬರುತ್ತಿತ್ತು. ಗಾಡಿಯ ಮೂತಿ ಯಾವ ಗೋಡೆಗೆ ತಾಗಿ ನಜ್ಜುಗುಜ್ಜಾದರೂ ಮಾಲೀಕನಿಗೆ ಹೇಳಲು ಜಿಂಕೆಯಷ್ಟು ಮರ್ಯಾದಸ್ಥ ಕಾರಣ ಇನ್ನೊಂದಿರಲಿಲ್ಲ, ಅದು ಬೇರೆ ಮಾತು. ವಿಜಾಪುರದ ಕಡೆಯ ಸಂಗಪ್ಪನೆಂಬ ಡ್ರೈವರ್ ಈ ಮೇಜಿನ ಹಿರಿಯ. ಅವನ ಕತೆಯ ಕೊನೆ ನನಗೆ ಈಗಲೂ ಬಾಯಿಪಾಠ: "ಬಿದ್ದದ್ದು ಎದ್ದು ನಿಂತ್ತು ನೋಡ್ರಿ. ಒಮ್ಮಿ ಹೊಳ್ಳಿ ನನ್ನ ಕಡೆ ನೋಡ್ತು. ಆಮ್ಯಾಲ ಗಿಡದಾಗ ಓಡಿ ಹೋತು."

ಎಲ್ಲರ ಕತೆಯ ಕೊನೆಯೂ ಅದೇ. ಒಬ್ಬನ ಜಿಂಕೆ ಕರುವಿನಷ್ಟು, ಇನ್ನೊಬ್ಬನದು ಎತ್ತಿನಷ್ಟು. ಒಬ್ಬನದಕ್ಕೆ ಕೊಂಬಿದೆ, ಒಬ್ಬನದಕ್ಕೆ ಇಲ್ಲ. ಆದರೆ ಎಲ್ಲವೂ ಎದ್ದವು, ಎಲ್ಲವೂ ಒಮ್ಮೆ ಹಿಂದಿರುಗಿ ನೋಡಿದವು, ಎಲ್ಲವೂ ಓಡಿದವು. ಮುಂಬಯಿಯ ಡ್ರೈವರ್ ಗುದ್ದಿ ಜಿಂಕೆಯೊಂದು ಸತ್ತದ್ದನ್ನು ನಾನು ಆ ಹೋಟೆಲಿನಲ್ಲಿ ಒಮ್ಮೆಯೂ ಕೇಳಲಿಲ್ಲ. ಕೇಳಿ ಕೇಳಿ, ಜಿಂಕೆಗೆ ಕಾರು ತಾಗಿದರೆ ಮೈಗೆ ಒಳ್ಳೆಯದೇನೋ ಎಂಬಂತೆ ನನಗೆ ಅನಿಸತೊಡಗಿತ್ತು.

ಚಿಕ್ಕಪ್ಪ ಗಲ್ಲಾದ ಹಿಂದೆ ಕೂತು ಈ ಕತೆಗಳನ್ನು ಆಸೆಯಿಂದ ಕೇಳುತ್ತಿದ್ದರು. ಅವರೂ ಒಳ್ಳೆಯ ದಿನ ನೋಡಿ ಒಂದು ಸೆಕೆಂಡ್‌ಹ್ಯಾಂಡ್ ಫಿಯೆಟ್ ಕೊಂಡು, ಲೈಸೆನ್ಸ್ ಪಡೆದು, ಸ್ವತಃ ಓಡಿಸಲು ಶುರು ಮಾಡಿದ್ದರು. ಆದರೆ ಮಾರ್ಕೆಟ್ಟಿನಿಂದ ತರಕಾರಿ ತರುವ ಮನುಷ್ಯನಿಗೆ ಹೇಳಿಕೊಳ್ಳಲು ಏನಿರುತ್ತದೆ? ಡ್ರೈವರುಗಳ ಮೇಜಿಗೆ ಕುರ್ಚಿ ಎಳೆದುಕೊಳ್ಳುವ ಯೋಗ್ಯತೆ ಅವರಿಗಿನ್ನೂ ಬಂದಿರಲಿಲ್ಲ. ಅದನ್ನು ಅವರಿಗೆ ಒದಗಿಸಿಕೊಟ್ಟದ್ದು ನನ್ನ ಮದುವೆ.

ಹುಡುಗಿ ನೋಡುವ ಶಾಸ್ತ್ರಕ್ಕೆಂದು ಅಮ್ಮ ಊರಿಂದ ಬಂದಿದ್ದಳು. ಹುಡುಗಿ ಕಾಂದಿವಲಿಯವಳು. ಅವಳ ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ, ಚಿಕ್ಕಪ್ಪನ ಬಾಲ್ಯದ ಗೆಳೆಯ. ಹೀಗಾಗಿ ಚಿಕ್ಕಪ್ಪನಿಗೆ ಸಂಬಂಧ ಕುದುರಲೇಬೇಕು. ಚಿಕ್ಕಮ್ಮನಿಗೆ ತನ್ನ ಅಕ್ಕನ ಮಗಳು ಮನಸ್ಸಿನಲ್ಲಿದ್ದಳು. ಹೀಗಾಗಿ ಅವಳಿಗೆ ಇದು ಕುದುರಬಾರದು. ನನಗೇನು ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಿಟಕಿಯಿರುವ ಕೋಣೆ ಎನ್ನುತ್ತಿದ್ದೆ. ನಾಲ್ವರೂ ಫಿಯೆಟ್ಟಿನಲ್ಲಿ ಹೊರಟೆವು, ಹೆಂಗಸರು ಹಿಂದೆ, ನಾನು ಚಿಕ್ಕಪ್ಪನ ಪಕ್ಕ.

ಗೋರೆಗಾಂವ್ ದಾಟಿದ ಮೇಲೆ ಬಲಕ್ಕೆ ಕಾಡು, ಎಡಕ್ಕೆ ಸ್ಟೇಷನ್ನಿನ ಕಡೆ. ಹೊತ್ತು ಮುಳುಗುತ್ತಿತ್ತು. ಚಿಕ್ಕಪ್ಪ ಲೈಟು ಹಾಕುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಧಡ್ ಎಂದಿತು. ಗಾಡಿ ಗಕ್ಕನೆ ನಿಂತಿತು. ನನ್ನ ತಲೆ ಮುಂದಕ್ಕೆ ಬಡಿದು, ಕನ್ನಡಕ ಕಾಲಬುಡಕ್ಕೆ ಬಿತ್ತು. ಅದಿಲ್ಲದೆ ನನಗೆ ಎದುರಿನ ಮನುಷ್ಯನೂ ಗೋಣಿಚೀಲವೂ ಒಂದೇ. ಬಗ್ಗಿ ತಡಕಾಡಿ, ಕನ್ನಡಕ ಸಿಕ್ಕಿ, ಒರೆಸಿ, ಹಾಕಿಕೊಂಡು ನೋಡುವಷ್ಟರಲ್ಲಿ ರಸ್ತೆ ಖಾಲಿಯಾಗಿತ್ತು. ಚಿಕ್ಕಪ್ಪ ಕೆಳಗಿಳಿದು ಹೆಡ್‌ಲೈಟಿನ ಒಡೆದ ಗಾಜನ್ನು ಸವರುತ್ತಾ ನಿಂತಿದ್ದರು. ಅದರ ಸಂದಿಯಲ್ಲಿ ನಾಲ್ಕು ಕಂದು ಕೂದಲು ಸಿಕ್ಕಿಕೊಂಡಿದ್ದವು. ಅವರ ಮುಖದಲ್ಲಿ ಗಾಬರಿಯಿತ್ತು, ನಿಜ; ಜೊತೆಗೆ ನಾನೂ ಗುದ್ದಿದೆನಲ್ಲ ಎಂಬ ಸಣ್ಣದೊಂದು ಸಂತೋಷವೂ ಇತ್ತು.

ಗಾಡಿ ಮತ್ತೆ ಹೊರಡುವ ಮೊದಲೇ ವಾದ ಶುರುವಾಯಿತು. ಶುಭಕಾರ್ಯಕ್ಕೆ ಹೊರಟಾಗ ಜಿಂಕೆ ಎಡದಿಂದ ಬಲಕ್ಕೆ ಹಾದರೆ ಒಳ್ಳೆಯದು, ಬಲದಿಂದ ಎಡಕ್ಕೆ ಹಾದರೆ ಕೆಲಸ ಕೆಡುತ್ತದೆ ಎಂದು ನಮ್ಮವರ ನಂಬಿಕೆ. ಕಾಡಿನಿಂದ, ಎಂದರೆ ಬಲದಿಂದ, ಅದು ಬಂತು ಎನ್ನುವುದರಲ್ಲಿ ತಕರಾರಿರಲಿಲ್ಲ. ತಾಗಿದ ಮೇಲೆ ಎತ್ತ ಹೋಯಿತು? ಎದ್ದು ತಿರುಗಿ ಬಲಕ್ಕೆ, ಕಾಡಿಗೇ ಓಡಿತು ಎಂದರು ಚಿಕ್ಕಪ್ಪ. ನೇರ ಎಡಕ್ಕೇ ಹೋಯಿತು, ಕಣ್ಣಾರೆ ಕಂಡೆ ಎಂದಳು ಚಿಕ್ಕಮ್ಮ. ಇಬ್ಬರೂ ಒಂದೇ ಗಾಜಿನಲ್ಲಿ ಒಂದೇ ಜಿಂಕೆಯನ್ನು ನೋಡಿದವರು. ಸದ್ದಾದೊಡನೆ ಕಣ್ಣು ಮುಚ್ಚಿ ದೇವರನ್ನು ನೆನೆದಿದ್ದ ಅಮ್ಮ, ಎತ್ತಲೋ ಓಡಿದ ಹಾಗೆ ತನಗೂ ಕಂಡಿತು ಎಂದಳು.

ಹುಡುಗಿಯ ಮನೆಯಲ್ಲಿ ಉಪ್ಪಿಟ್ಟಿನ ಜೊತೆಗೂ ಅದೇ ಮಾತು. ಚಿಕ್ಕಪ್ಪ ತಟ್ಟೆಯ ಮೇಲೆ ಚಮಚವನ್ನು ಓಡಿಸಿ ಜಿಂಕೆಯ ದಾರಿ ತೋರಿಸಿದರು. ಚಿಕ್ಕಮ್ಮ ಚಮಚದ ದಿಕ್ಕು ಬದಲಿಸಿದಳು. ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಲೂ ಎಲ್ಲರೂ ಮರೆತರು. ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಆ ಹುಡುಗಿ, ಸುಮತಿ, ಮಾತಿನ ನಡುವೆ ಒಂದು ತೆರಪು ಸಿಕ್ಕಿದಾಗ ಮೆಲ್ಲಗೆ ಕೇಳಿದಳು: "ಜಿಂಕೆಗೆ ಎಂತ ಆಯ್ತು?"

ಎಲ್ಲರೂ ಅವಳ ಕಡೆ ತಿರುಗಿದರು. ಅಷ್ಟು ಹೊತ್ತೂ ಜಿಂಕೆಯ ಮಾತೇ ಆಡಿದ್ದ ನಾವು ಯಾರೂ ಆ ಪ್ರಶ್ನೆಯ ಹತ್ತಿರ ಸುಳಿದಿರಲಿಲ್ಲ. ಎಂತ ಆಗಲಿಕ್ಕುಂಟು, ಎದ್ದು ಓಡಿತು ಎಂದರು ಚಿಕ್ಕಪ್ಪ. ಚಿಕ್ಕಮ್ಮನೂ ಈ ಒಂದು ವಿಷಯದಲ್ಲಿ ಗಂಡನ ಮಾತಿಗೆ ಹೌದೆಂದಳು. ಸುಮತಿ ನನ್ನತ್ತ ನೋಡಿದಳು. "ನಾನು ನೋಡ್ಲಿಲ್ಲ" ಎಂದೆ. "ಕನ್ನಡಕ ಬಿದ್ದಿತ್ತು. ಹುಡುಕ್ತಾ ಇದ್ದೆ." ಚಿಕ್ಕಪ್ಪ ನನ್ನ ಕಾಲು ತುಳಿದರು. ವರನಾದವನು ಕಣ್ಣಿನ ದೋಷವನ್ನು ತಾನಾಗಿ ಸಾರಬೇಕೆ?

ಅಮ್ಮನಿಗೆ ಹುಡುಗಿ ಹಿಡಿಸಿದ್ದಳು, ನನಗೂ. ಆದರೆ ಅಮ್ಮನಿಗೆ ಶಕುನ ಇತ್ಯರ್ಥವಾಗದೆ ನಿದ್ದೆ ಬರಲಿಲ್ಲ. ಮಾಟುಂಗಾದ ಪುರೋಹಿತರನ್ನು ಕೇಳಿದರೆ, ಹಾಯುವ ಜಿಂಕೆಗೆ ಶಾಸ್ತ್ರವಿದೆ, ಗುದ್ದಿಸಿಕೊಂಡ ಜಿಂಕೆಗೆ ಇಲ್ಲ ಎಂದರು. ಆಮೇಲೆ ಅಮ್ಮನ ಮುಖ ನೋಡಿ ಮನಸ್ಸು ಕರಗಿ, ತಿರುಗಿ ಕಾಡಿಗೆ ಹೋಗಿದ್ದರೆ ದೋಷ ಕಳೆದಂತೆಯೇ, ಎಡಕ್ಕೆ ಉಳಿದಿದ್ದರೆ ಮುಂದುವರಿಯುವುದು ಬೇಡ ಎಂದರು. ಮದುವೆಯೆಲ್ಲ ಬಂದು ಒಂದು ಜಿಂಕೆಯ ಹಿಂಗಾಲಿನ ಮೇಲೆ ನಿಂತಿತು. ನಾನು ಕಚೇರಿಯಲ್ಲಿ ಕೂಡಿಸುವ ಕಡೆ ಕಳೆದು, ಸಾಹೇಬರಿಂದ ಬೈಸಿಕೊಂಡೆ. ಕಿಟಕಿಯ ಕೋಣೆ ನನಗೆ ಮರೆತೇಹೋಗಿತ್ತು. ಕಾಫಿ ತಟ್ಟೆ ಹಿಡಿದು ಪ್ರಶ್ನೆ ಕೇಳಿದ ಹುಡುಗಿಯೇ ಬೇಕಾಗಿದ್ದಳು. ಆದರೆ ನಾನು ಕನ್ನಡಕ ಹುಡುಕುತ್ತಿದ್ದವ, ಸಾಕ್ಷಿ ಹೇಳುವ ಹಾಗಿಲ್ಲ.

ಕೊನೆಗೆ ಅಮ್ಮ ಹುಡುಗಿಯ ಮನೆಗೇ ಹೇಳಿಕಳಿಸಿದಳು. ಜಾಗ ನಿಮ್ಮ ಮನೆಗೆ ಹತ್ತಿರ, ಮರುದಿನ ಯಾರಾದರೂ ಏನಾದರೂ ಕಂಡರೇ ಎಂದು. ಹುಡುಗಿಯ ಅಪ್ಪ ತಾವೇ ಗ್ರಾಂಟ್ ರೋಡಿಗೆ ಬಂದರು. ಮಗಳು ಮರುದಿನ ಬೆಳಿಗ್ಗೆ ಬೂತಿನಿಂದ ಹಾಲು ತರಲು ಆ ದಾರಿಯಲ್ಲೇ ಹೋಗಿದ್ದಳಂತೆ. ಎಡಬದಿಯಲ್ಲಿ ಏನೂ ಇರಲಿಲ್ಲವಂತೆ. ಅಂದಮೇಲೆ ಕಾಡಿಗೇ ಹೋದದ್ದು. ಚಿಕ್ಕಪ್ಪ ಎಲ್ಲರಿಗೂ ಬಾದಾಮಿ ಹಲ್ವ ಹಂಚಿಸಿದರು. ಒಡೆದ ಹೆಡ್‌ಲೈಟನ್ನು ವರ್ಷಗಟ್ಟಲೆ ರಿಪೇರಿ ಮಾಡಿಸಲಿಲ್ಲ. ಅದೇ ಸಂಜೆಯಿಂದ ಅವರ ಕುರ್ಚಿ ಮೂಲೆಯ ಮೇಜಿಗೆ ಸೇರಿತು. ಎದ್ದು ನಿಂತಿತು, ಒಮ್ಮೆ ಹಿಂದಿರುಗಿ ನೋಡಿತು ಎಂದು ಅವರು ಹೇಳುವಾಗ ಸಂಗಪ್ಪ ತಲೆದೂಗುತ್ತಿದ್ದ.

ಈಗ ಟ್ಯಾಕ್ಸಿಗೆ ಬನ್ನಿ. ಚಿಕ್ಕಪ್ಪ, ಚಿಕ್ಕಮ್ಮ, ಅಮ್ಮ ಯಾರೂ ಈಗಿಲ್ಲ. ಫಲಕ ಹಿಂದೆ ಸರಿದ ಮೇಲೆ ಸುಮತಿ ಕಿಟಕಿಯಾಚೆ ನೋಡುತ್ತಾ ಹೇಳಿದಳು: "ಅದು ಅಲ್ಲೇ ಇತ್ತು. ಎಡಗಡೆಯ ಚರಂಡಿಯಲ್ಲಿ."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ತಾನಾಗಿಯೇ ಮುಂದುವರಿಸಿದಳು. ಸತ್ತುಹೋಗಿತ್ತಂತೆ. ಕಣ್ಣು ತೆರೆದೇ ಇತ್ತಂತೆ. ಹಾಲಿನ ಬಾಟಲಿಗಳನ್ನು ನೆಲದಲ್ಲಿಟ್ಟು, ಪಕ್ಕದ ಪೊದೆಯಿಂದ ಸೊಪ್ಪು ಮುರಿದು ಮುಚ್ಚಿ ಬಂದಳಂತೆ. ಮತ್ತೆ ಅಪ್ಪನ ಹತ್ತಿರ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ನಿಮ್ಮ ಮನೆಯವರೆಲ್ಲ ನೋಡಿದವರೇ" ಎಂದಳು. "ನೋಡ್ಲಿಲ್ಲ ಅಂತ ಹೇಳಿದ್ದು ನೀವೊಬ್ಬರೇ. ಅಂಥವರನ್ನು ಬಿಡುವುದು ಬೇಡ ಅನ್ನಿಸಿತು."

ಇಷ್ಟು ವರ್ಷ ನನ್ನ ಗುಣ ನೋಡಿ ಒಪ್ಪಿದಳು ಎಂದುಕೊಂಡಿದ್ದೆ. ನೋಡಿದರೆ ಬಿದ್ದ ಕನ್ನಡಕದ ದಯೆ. ನಗಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಇಡೀ ಸಂಸಾರ ಒಂದು ಪ್ರಾಣಿಯ ಸಾವನ್ನು ಸೊಪ್ಪು ಮುಚ್ಚಿ ಶುರುವಾಗಿತ್ತು, ಆ ಸೊಪ್ಪಿನ ಭಾರವನ್ನು ಇವಳೊಬ್ಬಳೇ ಹೊತ್ತಿದ್ದಳು. ಅದರ ಮೇಲೆ ನಾನು ಪ್ರತಿ ಸಲ ಅದೇ ತಮಾಷೆ ಮಾಡುತ್ತಿದ್ದೆ, ಅವಳು ಪ್ರತಿ ಸಲ ನಗುತ್ತಿದ್ದಳು. ಆ ಜಿಂಕೆಗಾಗಿ ನನಗೆ ದುಃಖವಾಯಿತು. ಅಷ್ಟು ತಡವಾಗಿ ಆದದ್ದಕ್ಕೆ ನಾಚಿಕೆಯೂ ಆಯಿತು.

ಮುಂದೆ ಕೂತಿದ್ದ ಡ್ರೈವರ್ ಹುಡುಗ ಸಿಗ್ನಲಿನಲ್ಲಿ ಗಾಡಿ ನಿಲ್ಲಿಸಿ, ಕನ್ನಡಿಯಲ್ಲಿ ನಮ್ಮನ್ನು ನೋಡಿ ನಕ್ಕ. ಕಾಂದಿವಲಿಯಲ್ಲೇ ಹುಟ್ಟಿದವನಂತೆ, ಅಪ್ಪ ಅಮ್ಮ ಕಲಬುರ್ಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರಂತೆ. "ಕನ್ನಡ ಸಮಝ್ ಆತಾ ಹೈ ಅಂಕಲ್, ಥೋಡಾ ಮಾತಾಡ್ತೀನಿ" ಎಂದ. "ನನಗೂ ಏಕ್ ಬಾರ್ ಸಿಕ್ಕಿತ್ತು, ಜಿಂಕೆ. ಘೋಡ್‌ಬಂದರ್ ರೋಡ್ ಮೇಲೆ. ಠಕ್ ಅಂತ ಆಯ್ತು. ಫಿರ್ ಎದ್ದು ಓಡಿ ಹೋಯ್ತು."

ಮೂಲೆಯ ಮೇಜಿನಲ್ಲಿ ಈ ಕತೆಯನ್ನು ನಾನು ಅದೆಷ್ಟು ಸಲ ತಲೆದೂಗುತ್ತಾ ಕೇಳಿದ್ದೆನೋ. ಸುಮತಿ ಸೆರಗು ಸರಿಮಾಡಿಕೊಂಡಳು. ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡೆ.

"ಇಳಿದು ನೋಡಿದೆಯಾ ಮಗಾ?" ಎಂದು ಕೇಳಿದೆ.

ಸಿಗ್ನಲ್ ಹಸಿರಾಯಿತು. ಹುಡುಗ ಕನ್ನಡಿಯಿಂದ ಕಣ್ಣು ತೆಗೆದು ಗೇರು ಹಾಕಿದ.