ಗೌಡರ ಕಲ್ಲಿನ ಎರಡು ಮಗ್ಗುಲು

ಗೆಳೆಯರೇ, ಇವತ್ತು ಮೈಯೆಲ್ಲ ಉರಿಯುತ್ತಿದೆ. ನಿಜಾಮರ ಆಳ್ವಿಕೆ ಬಿದ್ದು ಇನ್ನೂ ವಾರವಾಗಿಲ್ಲ, ನಮ್ಮ ಶಹಾಬಾದಿನ ಲೀಡರ್ ಗೌಡರು ಖಾದಿ ಟೋಪಿ ಹಾಕಿಕೊಂಡು, ನಾನು ಕಲ್ಲು ಕೆತ್ತುವ ಚಪ್ಪರಕ್ಕೆ ಬಂದರು. ಊರ ಬಾವಿಯ ಗೋಡೆಯಲ್ಲಿದ್ದ ತಮ್ಮ ಹೆಸರಿನ ಹಾಸುಗಲ್ಲನ್ನು ಕೀಳಿಸಿ ತಂದಿದ್ದರು. ಅದರ ಮೇಲೆ ‘ನಿಜಾಮರ ನಿಷ್ಠಾವಂತ ಸೇವಕ’ ಎಂದು ಉರ್ದುವಿನಲ್ಲಿ ಕೆತ್ತಿದವನು ನಾನೇ.

“ಇದನ್ನ ತಿರುವಿ, ಹಿಂದಿನ ಮಗ್ಗಲಿಗೆ ನನ್ನ ಹೆಸರು, ‘ಸ್ವಾತಂತ್ರ್ಯ ಯೋಧ’ ಅಂತ ಕನ್ನಡದಾಗ ಕೆತ್ತು” ಎಂದರು.

“ಮೊದಲಿಂದು ಹಂಗೇ ಇರ್ತದಲ್ರಿ ಗೌಡ್ರ?”

“ಅದು ಗ್ವಾಡಿ ಒಳಗ ಹೋಗ್ತದಪಾ, ಯಾರ್ ನೋಡ್ತಾರ?”

ತಿರಂಗಾ ಹಾರಿಸಿದ ನನ್ನ ತಮ್ಮನನ್ನು ಪೊಲೀಸರಿಗೆ ಹಿಡಿದುಕೊಟ್ಟವರು ಇವರೇ. ಅವನು ಇನ್ನೂ ಜೈಲಿನಿಂದ ಬಂದಿಲ್ಲ. ಆ ಮಾತು ಎತ್ತಿದರೆ, “ಹಳೇದೆಲ್ಲ ಮರೀಬೇಕು, ಈಗ ನಾವ್ ನೀವ್ ಎಲ್ಲಾ ಒಂದ” ಎಂದು ನಕ್ಕರು.

ಹಲ್ಲು ಕಚ್ಚಿಕೊಂಡು ಹೇಳಿದ್ದನ್ನೇ ಕೆತ್ತಿದೆ. ಆದರೆ ಸಂಜೆ ಆ ಕಲ್ಲನ್ನು ಗೋಡೆಗೆ ಕೂರಿಸಲಿಲ್ಲ. ಬಾವಿಯ ದಾರಿಯ ಬದಿಗೆ, ಎರಡೂ ಮಗ್ಗುಲು ಕಾಣುವಂತೆ ಭದ್ರವಾಗಿ ನೆಟ್ಟು ಬಂದೆ. ಇನ್ನು ನೀರಿಗೆ ಹೋಗುವವರಿಗೆ ಯೋಧರು ಕಾಣುತ್ತಾರೆ, ಕೊಡ ತುಂಬಿಕೊಂಡು ಬರುವವರಿಗೆ ಸೇವಕರು.