ಹೊಲಕ್ಕೆ ಹಾಸಿದ ಜೀನ್ಸ್ ತುಂಡುಗಳು

ಉಂಡೆ ನನ್ನ ಮುಷ್ಟಿಯಷ್ಟಿತ್ತು. ಒದ್ದೆಯಾಗಿ ಹಸಿರುಗಪ್ಪಾಗಿತ್ತು, ಒಂದು ಬದಿಯಲ್ಲಿ ಮಾತ್ರ ನೀಲಿ ಉಳಿದಿತ್ತು. ಸತ್ತ ಕುರಿಯ ಹೊಟ್ಟೆ ಸೀಳಿ ತೆಗೆದದ್ದನ್ನು ಕುರಿಗಾರ ಗೊಬ್ಬರದ ಚೀಲದ ತುಂಡಿನಲ್ಲಿ ಇಟ್ಟುಕೊಂಡು ನಮ್ಮ ಹೊಲದ ಬದುವಿಗೆ ತಂದಿದ್ದ.

ಆ ನೀಲಿ ನಮ್ಮದು. ಅಮ್ಮ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಹೋಗಲು ಶುರುಮಾಡಿದ ವರ್ಷವೇ ಎತ್ತುಗಳನ್ನು ಮಾರಿದ್ದೆವು. ಊರಿನ ಹೆಚ್ಚಿನ ಮನೆಗಳಲ್ಲೂ ಹಾಗೆಯೇ ಆಯಿತು: ಕೆಲವರು ಹೊಲಿಗೆಗೆ, ಕೆಲವರು ಬಳ್ಳಾರಿಗೆ, ದನಗಳು ಸಂತೆಗೆ. ತಿಪ್ಪೆಗಳು ಖಾಲಿಯಾದವು. ವರ್ಷ ವರ್ಷವೂ ಶೇಂಗಾ ಒಂದನ್ನೇ ಬಿತ್ತಿದ ಕೆಂಪು ಮಣ್ಣು ಗಟ್ಟಿಯಾಗಿ, ಬಂದ ಮಳೆ ಮೇಲೆಯೇ ಹರಿದುಹೋಗುತ್ತಿತ್ತು.

ಮಣ್ಣನ್ನು ಬರಿಮೈಯಲ್ಲಿ ಬಿಡಬಾರದು, ಹೊದಿಕೆ ಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ಆದರೆ ಊರಿನ ಹೊಟ್ಟು, ಸೊಪ್ಪೆಯೆಲ್ಲ ಹೊರಗಿನವರ ದನಗಳಿಗೆ ಮೇವಾಗಿ ಮಾರಿಹೋಗುತ್ತಿತ್ತು. ಯೂನಿಟ್ಟಿನ ಹಿಂದೆ ಕತ್ತರಿಸಿ ಉಳಿದ ತುಂಡುಗಳ ಗುಡ್ಡೆ ಬಿದ್ದಿರುತ್ತಿತ್ತು. ಹತ್ತಿ ತಾನೇ, ಮಣ್ಣಾಗುತ್ತದೆ ಎಂದುಕೊಂಡೆ. ಎಳೆದರೆ ಹಿಗ್ಗುವ, ಕೊಳೆಯದ ನೂಲು ಬೆರೆತ ತುಂಡುಗಳನ್ನು ಒಂದೊಂದಾಗಿ ಆರಿಸಿ ಹೊರಗಿಟ್ಟೆ. ಕೆಳಗಿನ ಅರ್ಧ ಎಕರೆಯನ್ನು ಬಿತ್ತದೆ ಬಿಟ್ಟು, ಸಾಲು ಸಾಲಾಗಿ ಹಾಸಿ, ಮೇಲೆ ಕಲ್ಲು ಹೇರಿದೆ. ದಾರಿಯಲ್ಲಿ ಹೋಗುವವರು, ಹೊಲಕ್ಕ ಪ್ಯಾಂಟ್ ಆತು, ಅಂಗಿ ಯಾವಾಗವ್ವ ಎಂದು ಕೇಳುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಬಟ್ಟೆ ಎತ್ತಿದರೆ ಕೆಳಗೆ ತೇವವಿತ್ತು. ಬೆರಳು ಸಲೀಸಾಗಿ ಇಳಿಯುತ್ತಿತ್ತು. ಇನ್ನು ಬೇಕಿದ್ದದ್ದು ಗೊಬ್ಬರ. ನಮ್ಮ ಕಡೆ ಕುರಿಗಾರರಿಗೆ ಜೋಳ ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಮಂದೆ ಮಲಗೆದ್ದ ಜಾಗಕ್ಕೆ ಹಿಕ್ಕೆ, ಗಂಜಲ ಎರಡೂ ಸಿಗುತ್ತವೆ. ದನವಿಲ್ಲದ ನಮಗೆ ಅದೊಂದೇ ದಾರಿ. ಒಬ್ಬ ಕುರಿಗಾರನನ್ನು ಒಪ್ಪಿಸಿದೆ. ಅವನು ಬರುವ ವಾರ, ಹಾಸು ತೆಳುವಾಗಿದ್ದ ಕಡೆ ಎರಡು ಚೀಲ ಹೊಸ ತುಂಡು ಸೇರಿಸಿದೆ.

ಕುರಿಗಾರ ಹೊಲ ನೋಡಿ ಹಿಂಜರಿದ. "ಬಟ್ಟಿಗೆ ಕುರಿ ಬಾಯಿ ಹಾಕಂಗಿಲ್ಲೇನ್ರಿ?"

ಮೇಕೆಯಾದರೆ ತಿಂದೀತು, ಕುರಿ ತಿನ್ನುವುದಿಲ್ಲ ಎಂದೆ. ಅದನ್ನು ನಾನು ಎಲ್ಲಿಯೂ ಓದಿರಲಿಲ್ಲ.

"ಓದಿದಾರು ಹೇಳಿದ ಮ್ಯಾಲ ಆತು ಬಿಡ್ರಿ," ಎಂದು ಅವನು ಮಂದೆ ನಿಲ್ಲಿಸಲು ಸುತ್ತ ಬಲೆ ಕಟ್ಟಿದ.

ನಾಲ್ಕು ರಾತ್ರಿ ಕುರಿ ನಿಂತವು. ನನಗೆ ಹೊಳೆಯದೆ ಹೋದದ್ದು ಗಂಜಿ. ನೇಯುವ ಮೊದಲು ನೂಲಿಗೆ ಹಾಕಿದ ಗಂಜಿ ಒಗೆಯದ ಜೀನ್ಸ್ ಬಟ್ಟೆಯಲ್ಲಿ ಹಾಗೇ ಇರುತ್ತದೆ. ಹಳೆಯ ತುಂಡುಗಳದ್ದು ಮಳೆಗೆ ತೊಳೆದುಹೋಗಿತ್ತು. ಹೊಸವಕ್ಕೆ ಮಳೆ ತಾಕಿರಲಿಲ್ಲ; ಆ ಗಂಜಿಯ ರುಚಿಗೇ ಕುರಿಗಳು ಬಾಯಿ ಹಾಕಿದ್ದವು. ದಿನವೂ ಆ ಗಂಜಿಬಟ್ಟೆ ಹಿಡಿದು ಅಮ್ಮನ ಬೆರಳುಗಳು ಬಿರುಸಾಗಿದ್ದವು. ನಾನು ಮಣ್ಣಿಗೆ ಏನಾದೀತೆಂದು ಮಾತ್ರ ಯೋಚಿಸಿದ್ದೆ.

"ಇದು ನಿಮ್ದಾ ನೋಡ್ರಿ," ಎಂದ ಕುರಿಗಾರ, ಮಂದೆ ಹೋಗಿ ಕೆಲವು ದಿನವಾದ ಮೇಲೆ ಬಂದು ಬದುವಿನ ಮೇಲೆ ಆ ಉಂಡೆ ಇಟ್ಟು.

"ನಮ್ದೇ ರಿ," ಎಂದೆ.

ಇನ್ನೆರಡು ಮೆಲುಕು ಹಾಕುತ್ತಿಲ್ಲ, ಅದರಲ್ಲಿ ಒಂದು ಗಬ್ಬದ್ದು ಎಂದು ಹೇಳಿದ. ಬೈಯಲಿಲ್ಲ. ನನ್ನ ಜೊತೆ ಹೊಲಕ್ಕೆ ಬಂದಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಬಟ್ಟಿ ಇರೋತನ ಈ ಹೊಲಕ್ಕ ಯಾರೂ ಕುರಿ ತರಂಗಿಲ್ರಿ," ಎಂದ. "ಉಳಿದಾರಿಗೆ ನಾ ಹೇಳ್ಲೇಬೇಕು."

ತೆಗೆದರೆ ಬರುತ್ತೀರಾ ಎಂದು ಕೇಳಿದೆ. ಅವನು ಹೊಲದ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. ಮೊದಲು ಆ ಎರಡು ಉಳೀಲಿ ಎಂದಷ್ಟೇ ಹೇಳಿ ಹೊರಟ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊಲಕ್ಕೆ ಹೋಗಿ, ಒಂದು ಅಂಚಿನಿಂದ ಕಲ್ಲು ಸರಿಸಿ ಬಟ್ಟೆ ಎತ್ತತೊಡಗಿದೆ. ಹಳೆಯವು ಮಣ್ಣಿಗೆ ಅಂಟಿದ್ದವು. ಎಳೆದಾಗ ಬೂಷ್ಟಿನ ಬಿಳಿ ಎಳೆಗಳು ಹರಿದವು, ಒಂದೆರಡು ಎರೆಹುಳುಗಳು ಬೆಳಕಿಗೆ ಮುದುಡಿದವು. ಅವುಗಳ ಮೇಲೆ ಮಣ್ಣು ಎಳೆದೆ. ಆರು ಚೀಲ ತುಂಬುವಷ್ಟರಲ್ಲಿ ಮೊದಲ ಸಾಲಿನ ತೇವ ಆರಿ ಮಣ್ಣು ಬಿಳಿಚಿಕೊಂಡಿತ್ತು. ಮುಂದಿನ ಸಾಲಿನ ಕಲ್ಲು ಸರಿಸಿದೆ.